ಲಘು ಒಂದ್ಕಡೆ, ಗುರು ಒಂದ್ಕಡೆ: ವರ್ಡ್‌ನ ಡ್ರಾ ಪೆನ್ನು ಮತ್ತು ಒಂದು ಪೆನ್ ಟ್ಯಾಬ್ಲೆಟ್ಟು, ಕನ್ನಡ ಮೇಷ್ಟ್ರ ರಿವ್ಯೂ

ಪೆನ್ ಟ್ಯಾಬ್ಲೆಟ್ (ಕಂಪ್ಯೂಟ್ರಿಗೆ ಹಾಕಿ ಪೆನ್ನಲ್ಲಿ ಬರೆಯೋ ಸ್ಲೇಟು) ತಗೊಂಡು ಹತ್ತಿರ ಹತ್ತಿರ ಎಂಟು ತಿಂಗ್ಳಾಯ್ತು. ಸ್ಟಾಫ್ ರೂಮಲ್ಲಿ ಯಾರಾದ್ರೂ "ಹೆಂಗಿದೆ ಸಾರ್ ಅದು, ನಾನೂ ಒಂದು ತಗೊಳ್ಳಾ?" ಅಂತ ಕೇಳ್ದಾಗೆಲ್ಲ "ಪರ್ವಾಗಿಲ್ಲ, ತಗೊಳ್ಳಿ" ಅಂದು ಜಾರ್ಕೋತಿದ್ದೆ. ಯಾಕಂದ್ರೆ ಸರಿಯಾಗಿ ಉತ್ತರ ಹೇಳ್ಬೇಕು ಅಂದ್ರೆ ಒಂದು ಪೀರಿಯಡ್ ಸಾಲಲ್ಲ. ಟ್ಯಾಬ್ಲೆಟ್ ಒಂದರ ಕಥೆ ಅಲ್ಲ ಇದು, ವರ್ಡ್‌ನ ಡ್ರಾ ಟ್ಯಾಬು (ಪೆನ್ನಲ್ಲಿ ಗೀಚೋ ಭಾಗ), ಗೂಗಲ್ ಡಾಕ್ಸು, ಲಿಬ್ರೆ ಆಫೀಸು, ಫೋನಿನ ಕೈಬರಹದ ಕೀಬೋರ್ಡು ಎಲ್ಲಾ ಸೇರ್ಕೊಂಡಿದೆ, ಒಂದನ್ನ ಬಿಟ್ಟು ಇನ್ನೊಂದನ್ನ ಹೇಳೋಕಾಗಲ್ಲ. ಅದಕ್ಕೇ ಇವತ್ತು ರಜೆ ಇದೆ, ಪೂರ್ತಿ ಬರೆದು ಬಿಡ್ತೀನಿ.

ಮೊದ್ಲು ನನಗೆ ಬೇಕಾಗಿದ್ದೇನು ಅಂತ ಹೇಳ್ಬೇಕು. ನಾನು ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು. ನಮ್ಮ ಪಾಠದಲ್ಲಿ ಛಂದಸ್ಸು ಬರುತ್ತೆ, ಛಂದಸ್ಸು ಬಂತು ಅಂದ್ರೆ ಪ್ರಸ್ತಾರ ಬರುತ್ತೆ. ಪದ್ಯದ ಸಾಲು ಬರೆದು, ಒಂದೊಂದು ಅಕ್ಷರದ ತಲೆ ಮೇಲೆ ಲಘುಗೆ ಒಂದು ಕೊಂಡಿ, ಗುರುಗೆ ಒಂದು ಗೆರೆ ಹಾಕಿ, ಗಣ ಗಣಕ್ಕೂ ಉದ್ದ ಗೀಟು ಎಳೀಬೇಕು. ಲಘು ಅಂದ್ರೆ ಒಂದು ಮಾತ್ರೆ, ಅಂದ್ರೆ ಒಂದು ಹ್ರಸ್ವ ಹೇಳೋಷ್ಟು ಹೊತ್ತಿನ ಅಕ್ಷರ, ಗುರು ಅಂದ್ರೆ ಎರಡು ಮಾತ್ರೆದು, ಗಣ ಅಂದ್ರೆ ಅವುಗಳ ಗುಂಪು. ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಮಾಡೋಕೆ ಒಂದು ನಿಮಿಷದ ಕೆಲ್ಸ. ಅದೇ ಕಂಪ್ಯೂಟ್ರಲ್ಲಿ, ಟೈಪ್ ಮಾಡಿದ ಸಾಲಿನ ಮೇಲೆ ಮಾಡಿ ನೋಡಿ, ಆಗ ಗೊತ್ತಾಗುತ್ತೆ. ಭಾಮಿನಿ ಷಟ್ಪದಿಗೆ ಒಂದು ಪದ್ಯಕ್ಕೆ 102 ಮಾತ್ರೆ. ಉತ್ಪಲಮಾಲೆ ಆದ್ರೆ ಸಾಲಿಗೆ 20 ಅಕ್ಷರ, ನಾಲ್ಕು ಸಾಲಿಗೆ 80 ಗುರುತು. ಚಂಪಕಮಾಲೆ ಆದ್ರೆ 84. ಒಂದೂ ಪಕ್ಕಕ್ಕೆ ಸರೀಬಾರ್ದು, ಸರಿದ್ರೆ ಗುರು ಹೋಗಿ ಲಘು ಆಗುತ್ತೆ, ಗಣ ಕೆಡುತ್ತೆ, ಹುಡುಗ್ರು ತಪ್ಪು ಕಲೀತಾರೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ಪರೀಕ್ಷೆಗೆ ಅಂತ ನಾನೇ ಹೊಸೆದ ಎರಡು ಸಾಲು, ಕವಿತ್ವ ಹುಡುಕ್ಬೇಡಿ, ಮಾತ್ರೆ ಸರಿ ಹೋಗ್ಲಿ ಅಂತ ಕಟ್ಟಿದ್ದು ಅಷ್ಟೇ:

ಬೆಳಗು ಹೊತ್ತಿಗೆ ಶಾಲೆ ಗಂಟೆಯು
ಗೆಳೆಯರೆಲ್ಲರು ಕೂಡಿ ಬಂದರು

ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14 ಮಾತ್ರೆ. ಮೊದಲ್ನೇ ಸಾಲಿನ ಪ್ರಸ್ತಾರ ಹೀಗೆ: ∪ ∪ ∪ | – ∪ ∪ | – ∪ | – ∪ ∪. ಹನ್ನೊಂದು ಅಕ್ಷರ, ಹನ್ನೊಂದು ಗುರುತು, ಮಧ್ಯೆ ಮೂರು ಗೀಟು. "ಹೊ" ಮುಂದೆ ಒತ್ತಕ್ಷರ ಇರೋದ್ರಿಂದ ಅದು ಗುರು, ಈ ಒಂದು ಜಾಗದಲ್ಲೇ ಅರ್ಧ ಕ್ಲಾಸು ಎಡವೋದು. ಎರಡ್ನೇ ಸಾಲಲ್ಲಿ ಗಣ ಪದದ ಮಧ್ಯೆನೇ ಮುರಿಯುತ್ತೆ ನೋಡಿ, "ಗೆಳೆಯ" ಆದ್ಮೇಲೆ ಗೀಟು, ಆಮೇಲೆ "ರೆಲ್ಲರು". ಈ ಹೊ ಅನ್ನೋ ಅಕ್ಷರ ನೆನಪಿಟ್ಕೊಳ್ಳಿ, ಮುಂದೆ ಇದೇ ನನ್ನ ಮಾನ ಕಳೀತು.

ನಾನು ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಸ್ಟೆನ್ಸಿಲ್ ಕಾಲ ಮುಗೀತಾ ಇತ್ತು. ಮೇಣದ ಹಾಳೆ ಮೇಲೆ ಕಬ್ಬಿಣದ ಮೊನೆ ಪೆನ್ನಲ್ಲಿ ಇಡೀ ಪ್ರಶ್ನೆಪತ್ರಿಕೆ ಕೈಲೇ ಬರೆದು ಸೈಕ್ಲೋಸ್ಟೈಲ್ ಹೊಡೀತಿದ್ರು, ಅಕ್ಷರನೂ ಕೈಬರಹ ಗುರುತೂ ಕೈಬರಹ, ಹೊಂದ್ಸೋ ತಾಪತ್ರಯನೇ ಇರ್ಲಿಲ್ಲ. ಆಮೇಲೆ ಡಿಟಿಪಿ, ಅಂದ್ರೆ ಕಂಪ್ಯೂಟ್ರಲ್ಲಿ ಟೈಪ್ ಮಾಡಿ ಅಚ್ಚಿಗೆ ಜೋಡ್ಸೋದು ಬಂತು. ಡಿಟಿಪಿ ಅಂಗಡಿಯೋರು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕೊಡ್ತಿದ್ರು, ಸಾಲಿನ ಮೇಲೆ ಒಂದಿಷ್ಟು ಜಾಗ ಬಿಡಿ ಅಂತ ಹೇಳಿರ್ತಿದ್ದೆ, ಪ್ರಿಂಟ್ ಬಂದ್ಮೇಲೆ ಕಪ್ಪು ಪೆನ್ನಲ್ಲಿ ಲಘು ಗುರು ಹಾಕಿ ಜೆರಾಕ್ಸ್ ಮಾಡಿಸ್ತಿದ್ದೆ. ಸತ್ಯ ಹೇಳ್ಬೇಕು ಅಂದ್ರೆ ಇವತ್ತಿಗೂ ಅದಕ್ಕಿಂತ ಬೇಗ ಆಗೋ ವಿಧಾನ ನನಗೆ ಸಿಕ್ಕಿಲ್ಲ. ಆದ್ರೆ ಫೈಲು ಅಂತ ಕೈಲಿ ಉಳಿಯಲ್ಲ, ಮುಂದಿನ ವರ್ಷ ಮತ್ತೆ ಪೆನ್ ಹಿಡೀಬೇಕು, ವಾಟ್ಸಾಪಲ್ಲಿ ಕಳ್ಸಿ ಅಂದ್ರೆ ಫೋಟೋ ತೆಗೆದು ಕಳಿಸ್ಬೇಕು, ಅದು ಮಂಜು ಮಂಜಾಗಿರುತ್ತೆ.

ಈಗ ಟ್ಯಾಬ್ಲೆಟ್ಟು. ನಾನು ತಗೊಂಡಿರೋದು ಸ್ಕ್ರೀನ್ ಇಲ್ದೇ ಇರೋದು, ಕಪ್ಪು ಸ್ಲೇಟು ಇದ್ದಂಗೆ ಇರುತ್ತೆ, ಯುಎಸ್‌ಬಿ ವೈರು, ಚಾರ್ಜ್ ಬೇಡದ ಪೆನ್ನು, ಜೊತೆಗೆ ಒಂದಿಷ್ಟು ಸ್ಪೇರ್ ನಿಬ್ಬು. ಎರಡೂವರೆ ಸಾವ್ರದ ಆಸುಪಾಸು ಬಿತ್ತು. ಕಂಪನಿ ಹೆಸ್ರು ಬೇಡ, ಈ ಬೆಲೆಯಲ್ಲಿ ಎಲ್ಲಾ ಒಂದೇ ಥರ ಇರ್ತಾವೆ. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ. ಮೊದಲ್ನೇ ವಾರ ನನ್ನ ಹೆಸ್ರು ನನಗೇ ಬರೆಯೋಕೆ ಬರ್ಲಿಲ್ಲ, ಒಂದ್ನೇ ಕ್ಲಾಸಿನ ಮಗು ಅ ಆ ತಿದ್ದಿದಂಗೆ ತಿದ್ದಿದೀನಿ, ಮನೇಲಿ ಮಗಳು ನಕ್ಕಿದ್ದೇ ನಕ್ಕಿದ್ದು. ಎರಡ್ನೇ ವಾರಕ್ಕೆ ಕೈ ಕೂತ್ಕೊಳ್ತು. ಆದ್ರೂ ಒಂದು ಮಾತು: ಕನ್ನಡ ಅಕ್ಷರ ಪೂರಾ ದುಂಡು, ತಲೆಕಟ್ಟು, ಕೊಂಬು, ಅದರ ಕೆಳಗೆ ಒತ್ತು. ಒತ್ತು ಬರೆಯೋಕೆ ಪೆನ್ ಎತ್ತಿ ಕೆಳಗೆ ಇಟ್ರೆ ಸ್ಲೇಟ್ ಮೇಲೆ ಎಲ್ಲಿ ಇಟ್ಟೆ ಅಂತ ಕಾಣಲ್ವಲ್ಲ, ತ್ತಿ ಬರೆಯೋಕೆ ಹೋಗಿ ತಿ ಒಂದ್ಕಡೆ ಒತ್ತು ಒಂದ್ಕಡೆ ಆಗುತ್ತೆ. ದುಡ್ಡಿದ್ರೆ ಸ್ಕ್ರೀನ್ ಮೇಲೇ ಬರೆಯೋ ಥರದ್ದು ತಗೊಳ್ಳಿ, ನನಗೆ ಆ ಯೋಗ ಇಲ್ಲ.

ತಗೊಂಡೋರು ಎರಡು ಸೆಟ್ಟಿಂಗ್ ಮೊದ್ಲೇ ಸರಿ ಮಾಡ್ಕೊಂಡ್ಬಿಡಿ, ನನಗೆ ಇದು ಗೊತ್ತಾಗೋ ಹೊತ್ತಿಗೆ ತಿಂಗ್ಳಾಗಿತ್ತು. ಒಂದು, ಟ್ಯಾಬ್ಲೆಟ್ ಜೊತೆ ಬರೋ ಡ್ರೈವರ್ ಸಾಫ್ಟ್‌ವೇರಲ್ಲಿ ವಿಂಡೋಸ್ ಇಂಕ್ ಅಂತ ಒಂದು ಟಿಕ್ ಇರುತ್ತೆ, ಅದನ್ನ ಹಾಕ್ಬೇಕು, ಇಲ್ದಿದ್ರೆ ವರ್ಡು ನಿಮ್ಮ ಪೆನ್ನನ್ನ ಬರೀ ಮೌಸು ಅಂತ ತಿಳ್ಕೊಳ್ಳುತ್ತೆ, ಒತ್ತಿ ಬರೆದ್ರೂ ತೇಲಿಸಿ ಬರೆದ್ರೂ ಒಂದೇ ದಪ್ಪ ಗೆರೆ. ಇನ್ನೊಂದು, ಪೆನ್ನನ್ನ ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಸುತ್ತ ಒಂದು ಬಳೆ ಬಂದು ರೈಟ್ ಕ್ಲಿಕ್ ಮೆನು ಬಿಚ್ಕೊಳ್ಳುತ್ತೆ. ನಿಧಾನಕ್ಕೆ ಬರೆಯೋ ನಮ್ಮಂಥೋರಿಗೆ ಪ್ರತಿ ಸೊನ್ನೆಗೂ ಬಳೆ. ಕಂಟ್ರೋಲ್ ಪ್ಯಾನಲಲ್ಲಿ ಪೆನ್ ಆಂಡ್ ಟಚ್‌ಗೆ ಹೋಗಿ ಆ ಪ್ರೆಸ್ ಆಂಡ್ ಹೋಲ್ಡ್ ಅನ್ನೋದನ್ನ ತೆಗೆದ್ಬಿಡಿ.

ವರ್ಡಲ್ಲಿ ಡ್ರಾ ಟ್ಯಾಬ್ ಕಾಣ್ತಿಲ್ಲ ಅಂತ ಸುಮಾರು ಜನ ಕೇಳ್ತಾರೆ. ಫೈಲ್, ಆಪ್ಷನ್ಸ್, ಕಸ್ಟಮೈಜ್ ರಿಬ್ಬನ್, ಅಲ್ಲಿ ಡ್ರಾ ಅನ್ನೋದಕ್ಕೆ ಟಿಕ್ ಹಾಕಿ, ಬರುತ್ತೆ. ಪೆನ್ ಟ್ಯಾಬ್ಲೆಟ್ ಇಲ್ದೇ ಮೌಸಲ್ಲಿ ಎಳೆಯೋರಿಗೆ ಅಲ್ಲೇ ಡ್ರಾ ವಿತ್ ಟಚ್ ಅಂತ ಬಟನ್ ಇದೆ. ಹಳೇ ಆಫೀಸ್ 2010 ಇಟ್ಕೊಂಡೋರು ಇನ್ಸರ್ಟ್, ಶೇಪ್ಸ್‌ನಲ್ಲಿ ಸ್ಕ್ರಿಬಲ್ ಅಂತ ಇದೆ, ಅದ್ರಲ್ಲೂ ಆಗುತ್ತೆ, ಆದ್ರೆ ಒಂದೊಂದು ಗೆರೆಗೂ ಮತ್ತೆ ಹೋಗಿ ಆರಿಸ್ಕೊಂಡು ಬರ್ಬೇಕು, 80 ಗುರುತು ಹಾಕೋಷ್ಟ್ರಲ್ಲಿ ವೈರಾಗ್ಯ ಬರುತ್ತೆ. ಹೊಸ ವರ್ಡಿನ ಪೆನ್ನು ಮಾತ್ರ ಬರೆಯೋಕೆ ನಿಜಕ್ಕೂ ಚೆನ್ನಾಗಿದೆ, ಬಣ್ಣ ಬಣ್ಣದ್ದು, ದಪ್ಪ ಸಣ್ಣ, ಹೈಲೈಟರು, ಅಳಿಸೋ ರಬ್ಬರು, ಲಾಸೋ ಹಾಕಿ ಸುತ್ತು ಹೊಡೆದ್ರೆ ಬರೆದಿದ್ದೆಲ್ಲಾ ಒಟ್ಟಿಗೆ ಹಿಡ್ಕೊಂಡು ಬೇರೆ ಕಡೆ ಎಳೀಬೋದು. ಗುರು ಕೆಂಪು, ಲಘು ನೀಲಿ ಅಂತ ಹಾಕ್ದಾಗ ನೋಡೋಕೆ ಏನ್ ಚೆಂದ ಅಂತೀರಾ. ಒಂದು ಇಡೀ ಭಾನುವಾರ ಕೂತು ಆರು ಪದ್ಯ ಮುಗಿಸಿದೆ, ಸೋಮವಾರ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಡಿಟಿಪಿ ಅಂಗಡಿಗೆ ಪ್ರಿಂಟಿಗೆ ಕೊಟ್ಟೆ.

ಅಲ್ಲೇ ಆಗಿದ್ದು ನೋಡಿ. ಅಂಗಡಿ ಕಂಪ್ಯೂಟ್ರು ವಿಂಡೋಸ್ 7. ನಾನು ಟೈಪ್ ಮಾಡಿದ್ದು ನಿರ್ಮಲಾ ಯುಐ ಫಾಂಟಲ್ಲಿ, ಅದು ವಿಂಡೋಸ್ 8ರಿಂದ ಈಚೆಗೆ ಬಂದಿರೋದು. ಅಲ್ಲಿ ಅದು ಇಲ್ಲ ಅಂತ ವರ್ಡು ತನ್ನಷ್ಟಕ್ಕೆ ತಾನೇ ತುಂಗಾ ಫಾಂಟ್ ಹಾಕ್ಕೊಂಡು ತೆರೀತು. ಎರಡು ಫಾಂಟಿನ ಅಕ್ಷರದ ಅಗಲ ಬೇರೆ ಬೇರೆ. ಅಕ್ಷರಗಳು ಒಳಗೆ ಸರ್ಕೊಂಡ್ವು, ಮೇಲಿನ ನನ್ನ ಗೆರೆಗಳು ಇದ್ದಲ್ಲೇ ಇದ್ವು. ಸಾಲಿನ ಶುರುವಲ್ಲಿ ಸರಿಯಾಗೇ ಕಾಣುತ್ತೆ, ಹೋಗ್ತಾ ಹೋಗ್ತಾ ಅರ್ಧ ಅಕ್ಷರ, ಒಂದು ಅಕ್ಷರ ಅಂತ ಜಾರ್ಕೊಂಡು ಹೋಗುತ್ತೆ. ನಾನೂ ನೋಡ್ಲಿಲ್ಲ, ಅಂಗಡಿಯೋನಿಗೆ ಗೊತ್ತಾಗೋ ವಿಷಯ ಅಲ್ಲ, 60 ಕಾಪಿ ತೆಗೆಸ್ಕೊಂಡು ಬಂದು ಹಂಚಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು "ಸಾರ್, ಹೊ ಗುರು ಅಂತ ನೀವೇ ಹೇಳಿದ್ರಿ, ಇಲ್ಲಿ ಲಘು ಹಾಕಿದೀರಲ್ಲ" ಅಂದ. ಕ್ಲಾಸೆಲ್ಲ ಗೊಳ್ ಅಂತು. ತಪ್ಪು ಅಂಗಡಿದಲ್ಲ, ಫಾಂಟಿಂದೂ ಅಲ್ಲ, ನಂದೇ, ಪಿಡಿಎಫ್ ಮಾಡಿ ಒಯ್ದಿದ್ರೆ ಇಷ್ಟೆಲ್ಲಾ ಆಗ್ತಾನೇ ಇರ್ಲಿಲ್ಲ.

ಆಮೇಲೆ ಕೂತು ಯೋಚ್ನೆ ಮಾಡ್ದಾಗ ವಿಷಯ ಅರ್ಥ ಆಯ್ತು. ವರ್ಡಲ್ಲಿ ನೀವು ಪೆನ್ನಲ್ಲಿ ಬರೆಯೋದು ಬರಹ ಅಲ್ಲ, ಚಿತ್ರ. ಅದು ಪಠ್ಯದ ಮೇಲೆ ತೇಲ್ತಾ ಇರುತ್ತೆ. ಅದಕ್ಕೆ ಒಂದು ಆಂಕರ್ (ಹಡಗಿನ ಲಂಗರು ಇದ್ದಂಗೆ) ಇರುತ್ತೆ, ಆದ್ರೆ ಆಂಕರ್ ಕಟ್ಟಿರೋದು ಪ್ಯಾರಾಗೆ, ಅಕ್ಷರಕ್ಕಲ್ಲ. ಮೇಲ್ಗಡೆ ನಾಲ್ಕು ಎಂಟರ್ ಹೊಡೆದ್ರೆ ಪ್ಯಾರಾ ಜೊತೆ ಗೆರೆನೂ ಕೆಳಗೆ ಇಳಿಯುತ್ತೆ, ಅಷ್ಟು ಮಟ್ಟಿಗೆ ನಿಯತ್ತು ಇದೆ. ಆದ್ರೆ ಸಾಲಿನ ಒಳಗೆ ಒಂದು ಅಕ್ಷರ ತಿದ್ದಿದ್ರೆ, ಫಾಂಟ್ ಸೈಜು 14ರಿಂದ 16 ಮಾಡಿದ್ರೆ, ಅದಕ್ಕೂ ಗೆರೆಗೂ ಸಂಬಂಧನೇ ಇಲ್ಲ. ಕಾಗದದ ಮೇಲೆ ಬರೆದಂಗೆ ಅಂದ್ಕೋತೀವಿ, ಕಾಗದದ ಮೇಲೆ ಗಾಜು ಇಟ್ಟು ಗಾಜಿನ ಮೇಲೆ ಬರೆದಂಗೆ ಅದು.

ಇದಕ್ಕೆ ದಾರಿಗಳು ಇವೆ, ಒಂದೊಂದ್ರಲ್ಲೂ ಒಂದೊಂದು ಕೊಕ್ಕೆ. ಪಿಡಿಎಫ್ ಮಾಡಿದ್ರೆ ಫಾಂಟು ಗೆರೆ ಎಲ್ಲಾ ಗಟ್ಟಿ ಕೂರುತ್ತೆ, ಆದ್ರೆ ಆಮೇಲೆ ತಿದ್ದೋದು ಕಷ್ಟ. ಫೈಲ್ ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಫಾಂಟನ್ನ ಫೈಲ್ ಒಳಗೇ ಸೇರ್ಸು ಅಂತ ಟಿಕ್ ಹಾಕ್ಬೋದು, ಫೈಲ್ ದಪ್ಪ ಆಗುತ್ತೆ, ಮತ್ತೆ ಕೆಲವು ಫಾಂಟಿಗೆ ಲೈಸೆನ್ಸ್ ಒಪ್ಪಲ್ಲ. ವಿಂಡೋಸ್, ಶಿಫ್ಟ್, ಎಸ್ ಒತ್ತಿ ಇಡೀ ಪದ್ಯನೇ ಚಿತ್ರ ಹಿಡಿದು ಅಂಟಿಸ್ಬೋದು, ಒಂದು ತಲೆಕಟ್ಟು ತಪ್ಪಿದ್ರೆ ಮತ್ತೆ ಮೊದ್ಲಿಂದ. ಡ್ರಾಯಿಂಗ್ ಕ್ಯಾನ್ವಾಸ್ ಅಂತ ಹಾಕಿ ಅದರೊಳಗೇ ಟೆಕ್ಸ್ಟ್ ಬಾಕ್ಸೂ ಗೆರೆನೂ ಇಡ್ಬೋದು, ಇಬ್ರೂ ಒಟ್ಟಿಗೆ ಓಡಾಡ್ತಾರೆ, ಫಾಂಟ್ ಬದಲಾದ್ರೆ ಮಾತ್ರ ಅದೇ ಗೋಳು. ಲಿಬ್ರೆ ಆಫೀಸ್ ರೈಟರಲ್ಲಿ ಈ ಆಂಕರ್ ವಿಷ್ಯ ಸ್ವಲ್ಪ ಚೆನ್ನಾಗಿ ಮಾಡಿದಾರೆ, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಆಂಕರ್, ಆಸ್ ಕ್ಯಾರೆಕ್ಟರ್ ಅಂದ್ರೆ ಅದು ಸಾಲಲ್ಲಿ ಒಂದು ಅಕ್ಷರದ ಹಾಗೇ ಕೂತ್ಕೊಳ್ಳುತ್ತೆ, ಹೆಡ್‌ಮಾಸ್ಟ್ರ ಸಹಿ, ಸೀಲು ಹಾಕೋಕೆ ಪರ್ಫೆಕ್ಟು. ತಲೆ ಮೇಲೆ ಕೂರ್ಬೇಕಾದ ಲಘು ಗುರುಗೆ ಅದರಿಂದ ಏನೂ ಉಪಯೋಗ ಇಲ್ಲ.

ಕೊನೆಗೆ ನನ್ನ ಸಮಸ್ಯೆ ಬಗೆಹರಿಸಿದ್ದು ಪೆನ್ನೇ ಅಲ್ಲ, ಟೇಬಲ್ಲು! ಎರಡೂವರೆ ಸಾವ್ರ ಕೊಟ್ಟು ಟ್ಯಾಬ್ಲೆಟ್ ತಗೊಂಡು, ಆಮೇಲೆ ಬಿಟ್ಟಿ ಸಿಗೋ ಟೇಬಲ್ಲಿಗೆ ಬಂದು ನಿಂತೆ. ವಿಧಾನ ಹೇಳ್ತೀನಿ. ಸಾಲನ್ನ ಅಕ್ಷರ ಅಕ್ಷರ ಬಿಡಿಸಿ ಮಧ್ಯೆ ಕಾಮಾ ಹಾಕಿ ಟೈಪ್ ಮಾಡಿ, ಬೆ, ಳ, ಗು, ಹೊ, ತ್ತಿ, ಗೆ ಅಂತ. ಒತ್ತಕ್ಷರ ಒಡೀಬೇಡಿ, ತ್ತಿ ಒಂದೇ ಅಕ್ಷರ. ಸೆಲೆಕ್ಟ್ ಮಾಡಿ ಇನ್ಸರ್ಟ್, ಟೇಬಲ್, ಕನ್ವರ್ಟ್ ಟೆಕ್ಸ್ಟ್ ಟು ಟೇಬಲ್ ಒತ್ತಿ, ಕಾಮಾ ಆರಿಸಿದ್ರೆ ಹನ್ನೊಂದು ಮನೆಯ ಟೇಬಲ್ ಒಂದೇ ಏಟಿಗೆ ರೆಡಿ. ಮೇಲೆ ಒಂದು ಸಾಲು ಸೇರಿಸಿ ಅದ್ರಲ್ಲಿ ಗುರುತು ಟೈಪ್ ಮಾಡಿ, ಗುರುಗೆ ಅಡ್ಡಗೆರೆ, ಲಘುಗೆ ಇಂಗ್ಲಿಷಿನ ದೊಡ್ಡ ಯು ಸಾಕು. ಟೇಬಲ್ ಪ್ರಾಪರ್ಟೀಸಲ್ಲಿ ಸೆಲ್ ಮಾರ್ಜಿನ್ ಎಡಕ್ಕೂ ಬಲಕ್ಕೂ ಸೊನ್ನೆ ಮಾಡಿದ್ರೆ ಅಕ್ಷರಗಳು ಹತ್ರ ಹತ್ರ ಬರ್ತಾವೆ, ಆಮೇಲೆ ಆಟೋಫಿಟ್ ಕಂಟೆಂಟ್ಸ್. ಇನ್ನು ಬಾರ್ಡರ್ ಪೂರಾ ತೆಗೆದು, ಗಣ ಮುಗಿಯೋ ಮನೆಯ ಬಲಗಡೆ ಬಾರ್ಡರ್ ಒಂದನ್ನ ಮಾತ್ರ ಉಳಿಸಿ. ಅದೇ ಗಣದ ಗೀಟು! ಪದದ ಮಧ್ಯೆ ಗಣ ಮುರಿದ್ರೂ ತೊಂದ್ರೆ ಇಲ್ಲ. ಇದು ಹೊಳೆದ ದಿವ್ಸ ನನಗೆ ನಾನೇ ಬೆನ್ನು ತಟ್ಕೊಂಡೆ. ಫಾಂಟ್ ಬದಲಾಗ್ಲಿ, ಅಂಗಡಿ ಬದಲಾಗ್ಲಿ, ಗುರುತು ಅಕ್ಷರದ ತಲೆ ಬಿಟ್ಟು ಅಲ್ಲಾಡಲ್ಲ. ಮೊದಲ್ನೇ ಪದ್ಯಕ್ಕೆ ಮುಕ್ಕಾಲು ಗಂಟೆ ಹಿಡೀತು, ಈಗ ಹತ್ತು ನಿಮಿಷ.

ಹಾಗಾದ್ರೆ ಟ್ಯಾಬ್ಲೆಟ್ ದಂಡನಾ? ಅಲ್ಲ. ಪಾಠ ಮಾಡೋಕೆ ಅದರ ಸಮಕ್ಕೆ ಇನ್ನೊಂದಿಲ್ಲ. ಪ್ರೊಜೆಕ್ಟರ್ ಹಾಕಿ ವರ್ಡಲ್ಲಿ ಪದ್ಯ ದೊಡ್ಡದಾಗಿ ಇಟ್ಟು, ಹುಡುಗ್ರ ಕೈಲಿ ಹೇಳಿಸ್ತಾ ಹೇಳಿಸ್ತಾ ಒಂದೊಂದೇ ಗುರುತು ಹಾಕ್ಕೊಂಡು ಹೋದ್ರೆ, ಕ್ಲಾಸಿನ ಕಡೆ ಬೆನ್ನು ಹಾಕೋ ಪ್ರಮೇಯನೇ ಇಲ್ಲ, ಸೀಮೆಸುಣ್ಣದ ಧೂಳೂ ಇಲ್ಲ. ತಪ್ಪಾದ್ರೆ ರಬ್ಬರು. ಪೀರಿಯಡ್ ಮುಗಿದ್ಮೇಲೆ ಸೇವ್ ಮಾಡ್ದೇ ಮುಚ್ಚಿದ್ರೆ ನಾಳೆ ಬಿ ಸೆಕ್ಷನ್‌ಗೆ ಅದೇ ಫೈಲು ಚೊಕ್ಕವಾಗಿ ಸಿಗುತ್ತೆ. ಮಕ್ಕಳು ಟೈಪ್ ಮಾಡಿ ಕಳಿಸಿದ ಪ್ರಬಂಧ ತಿದ್ದೋಕೂ ಇದೇ. ತಿದ್ದಿದ್ದನ್ನೆಲ್ಲ ಗುರುತು ಮಾಡಿ ತೋರ್ಸೋ ಟ್ರ್ಯಾಕ್ ಚೇಂಜಸ್ ಹಾಕಿ ತಿದ್ದಿದ್ರೆ ಹುಡುಗ್ರು ಕಣ್ಣು ಮುಚ್ಕೊಂಡು ಆಕ್ಸೆಪ್ಟ್ ಆಲ್ ಒತ್ತಿ ಬಿಡ್ತಾರೆ, ಅದೇ ಕೆಂಪು ಪೆನ್ನಲ್ಲಿ "ಹ-ಅ ನೋಡ್ಕೋ" ಅಂತ ನನ್ನ ಕೈಬರಹದಲ್ಲಿ ಬಿದ್ರೆ ಅವ್ರೇ ಹೋಗಿ ತಿದ್ದಬೇಕಾಗುತ್ತೆ.

ಗಣಿತದ ಮೇಷ್ಟ್ರಿಗೆ ಇನ್ನೂ ಮಜಾ. ಇನ್ಸರ್ಟ್, ಇಕ್ವೇಷನ್ ಒಳಗೆ ಇಂಕ್ ಇಕ್ವೇಷನ್ ಅಂತ ಇದೆ, ಭಿನ್ನರಾಶಿ, ವರ್ಗಮೂಲ ಎಲ್ಲಾ ಕೈಲಿ ಗೀಚಿದ್ರೆ ಅಚ್ಚಿನ ಸಮೀಕರಣ ಮಾಡಿ ಕೊಡುತ್ತೆ. ಅವ್ರ ಕೈಬರಹ ಅಚ್ಚಾಗುತ್ತೆ, ನಮ್ಮ ಕನ್ನಡ ಇಂಕು ಇಂಕಾಗೇ ಉಳಿಯುತ್ತೆ. ಹೊಟ್ಟೆಕಿಚ್ಚು ಅಂತ ಅಲ್ಲ, ಆದ್ರೂ.

ಕನ್ನಡದ ಕೈಬರಹ ಟೈಪ್ ಅಕ್ಷರ ಆಗೋದು ಬೇಕು ಅಂದ್ರೆ ಫೋನ್ ಹಿಡೀಬೇಕು. ಗೂಗಲ್ಲಿನೋರು 2015ರಲ್ಲಿ ಆಂಡ್ರಾಯ್ಡ್‌ಗೆ ಹ್ಯಾಂಡ್‌ರೈಟಿಂಗ್ ಇನ್‌ಪುಟ್ ಅಂತ ಬೇರೇನೇ ಆಪ್ ಬಿಟ್ಟಿದ್ರು, ಆಗ್ಲೇ 82 ಭಾಷೆ ಇತ್ತು. ಈಗ ಅದು ಗೂಗಲ್ಲಿನ ಕೀಬೋರ್ಡ್ ಆಪ್ ಜಿಬೋರ್ಡ್ ಒಳಗೇ ಇದೆ, ಭಾಷೆ ಸೇರಿಸೋ ಕಡೆ ಕನ್ನಡ ಆರಿಸಿ ಹ್ಯಾಂಡ್‌ರೈಟಿಂಗ್ ಅನ್ನೋ ವಿನ್ಯಾಸ ಟಿಕ್ ಮಾಡಿದ್ರೆ ಬೆರಳಲ್ಲಿ ಬರೀಬೋದು. ಕಂಪ್ಯೂಟ್ರಲ್ಲೂ ಗೂಗಲ್ ಡಾಕ್ಸ್ ತೆರೆದು ಇನ್‌ಪುಟ್ ಟೂಲ್ಸಲ್ಲಿ ಕನ್ನಡ ಕೈಬರಹ ಆರಿಸಿದ್ರೆ ಒಂದು ಪುಟ್ಟ ಪೆಟ್ಟಿಗೆ ಬರುತ್ತೆ, ಅದ್ರಲ್ಲಿ ನನ್ನ ಪೆನ್ ಟ್ಯಾಬ್ಲೆಟ್ಟಲ್ಲಿ ಬರೆದ್ರೆ ಡಾಕ್ಯುಮೆಂಟಲ್ಲಿ ಯೂನಿಕೋಡ್ (ಎಲ್ಲಾ ಕಂಪ್ಯೂಟ್ರಿಗೂ ಒಂದೇ ಆಗಿರೋ ಸಂಕೇತದ) ಅಕ್ಷರ ಆಗಿ ಬೀಳುತ್ತೆ.

ಇದನ್ನ ನಿಜವಾಗ್ಲೂ ಉಪಯೋಗ್ಸಿದ್ದು ನಮ್ಮ ಹಿರಿಯ ಮೇಡಂ, ಮುಂದಿನ ವರ್ಷ ರಿಟೈರ್ ಆಗ್ತಾರೆ. ಅಕ್ಷರ ಅಂದ್ರೆ ಮುತ್ತು ಪೋಣಿಸಿದಂಗೆ, ಆದ್ರೆ ಕೀಬೋರ್ಡ್ ಅಂದ್ರೆ ಮಾರು ದೂರ. ವಚನಗಳ ಬಗ್ಗೆ ಅವ್ರ ನೋಟ್ಸ್ ಎಲ್ಲಾ ಹಳೇ ಡೈರಿಗಳಲ್ಲಿ ಇದೆ. ಒಂದು ಡಾಕ್ಸ್ ಫೈಲ್ ಮಾಡಿ ಅವ್ರಿಗೆ ಶೇರ್ ಮಾಡಿ ಫೋನಲ್ಲಿ ಕೈಬರಹದ ಕೀಬೋರ್ಡ್ ಹಾಕಿ ಕೊಟ್ಟೆ. ಸ್ಟಾಫ್ ರೂಮಲ್ಲಿ ಅವ್ರು ಆ ತುದಿಯಲ್ಲಿ ಕೂತು ಬೆರಳಲ್ಲಿ ಬರೀತಿದ್ರೆ ಈ ತುದಿಯಲ್ಲಿ ನನ್ನ ಲ್ಯಾಪ್‌ಟಾಪಲ್ಲಿ ಅಕ್ಷರ ಒಂದೊಂದಾಗಿ ಉದುರ್ತಾ ಇತ್ತು, ನಾನು ಅದೇ ಪುಟದ ಕೆಳಗೆ ಪ್ರಶ್ನೆ ಟೈಪ್ ಮಾಡ್ತಿದ್ದೆ. ಎಂಟು ತಿಂಗಳಲ್ಲಿ ನನಗೆ ಅತೀ ಖುಷಿ ಕೊಟ್ಟಿದ್ದು ಇದೇ, ಟ್ಯಾಬ್ಲೆಟ್ ಅಲ್ಲ.

ತಪ್ಪು ಬೀಳಲ್ಲ ಅಂತಲ್ಲ. ಕನ್ನಡದಲ್ಲಿ ಮ ಮತ್ತು ವು ಮಧ್ಯೆ ಇರೋದು ಒಂದು ಕೂದಲೆಳೆ, ದ ಧ ಥ ಗಳ ಹೊಟ್ಟೆ ಸೀಳು, ಚುಕ್ಕೆ ನೋಡಿನೇ ಗುರುತು ಹಿಡೀಬೇಕು, ಸೊನ್ನೆ ಅಂದ್ರೆ ಅಂಕಿಯೋ ಅನುಸ್ವಾರವೋ ಅಂತ ಸಾಲು ನೋಡಿನೇ ಹೇಳ್ಬೇಕು, ಮನುಷ್ಯರೇ ತಪ್ಪು ಓದ್ತಾರೆ ಯಂತ್ರದ ಮಾತು ಬಿಡಿ. ಗಡಿಬಿಡಿಯಲ್ಲಿ ಒತ್ತು ದೂರ ಬರೆದ್ರೆ ಅದು ಬೇರೆ ಅಕ್ಷರ ಅಂತ ಲೆಕ್ಕ. ಮೇಡಂ ಒಂದ್ಸಲ ಮೂರು ಸಲ ಬರೆದ್ರೂ ಬೇಕಾದ ಪದ ಬರ್ದೇ ಇದ್ದಾಗ ಕನ್ನಡಕ ಮೇಲೆ ಮಾಡಿ "ಸಾರ್, ಚಿಕ್ಕವಳಿದ್ದಾಗ ಅಕ್ಷರ ದುಂಡಗೆ ಬರೀ ಅಂತ ನಮ್ಮಪ್ಪ ಬೈತಿದ್ರು, ಈಗ ಈ ಫೋನ್ ಶುರು ಮಾಡಿದೆ" ಅಂದ್ರು. ಬಿಡಿ ಬಿಡಿ ಅಕ್ಷರ ಬರೆಯೋದಕ್ಕಿಂತ ಪೂರ್ತಿ ಪದ ಒಟ್ಟಿಗೆ ಬರೆದ್ರೆ ಚೆನ್ನಾಗಿ ಹಿಡಿಯುತ್ತೆ ಅಂತ ಆಮೇಲೆ ಅವ್ರೇ ಕಂಡುಕೊಂಡ್ರು. ಡಾಕ್ಸಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸೋದೂ ಇದೆ, ಅದನ್ನೂ ಮೇಡಂಗೆ ತೋರಿಸ್ದೆ, ಸ್ಟಾಫ್ ರೂಮಿನ ಗಲಾಟೆ ಮಧ್ಯೆ ಅದು ಆಗೋ ಕೆಲ್ಸ ಅಲ್ಲ.

ಟೈಪಿಂಗ್ ಬಗ್ಗೆ ಎರಡು ಮಾತು. ನನ್ನ ಕೈ ಕೂತಿರೋದು ನುಡಿ ಕೀಬೋರ್ಡ್ ಮೇಲೆ, ಕೆ.ಪಿ. ರಾವ್ ಅವ್ರ ವಿನ್ಯಾಸದ ಮೇಲೆ ನಿಂತಿರೋದು ಅದು, ಒತ್ತು ಬೇಕಾದ್ರೆ ಎಫ್, ಟ ಬೇಕಾದ್ರೆ ಕ್ಯೂ, ಡ ಬೇಕಾದ್ರೆ ಡಬ್ಲ್ಯೂ. ಬರಹ ಅನ್ನೋ ಇನ್ನೊಂದು ಟೈಪಿಂಗ್ ಸಾಫ್ಟ್‌ವೇರ್ ಕಲಿತೋರಿಗೆ ಇದು ವಿಚಿತ್ರ ಅನ್ಸುತ್ತೆ, ನಮಗೆ ಬರಹ ವಿಚಿತ್ರ. ಹೊಸದಾಗಿ ಕಲಿಯೋರಿಗೆ ವಿಂಡೋಸಲ್ಲೇ 2019ರಿಂದ ಕನ್ನಡ ಫೊನೆಟಿಕ್ ಇದೆ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದ್ರೆ ಭಾಷೆ ಬದಲಾಗುತ್ತೆ, ಬೇರೆ ಏನೂ ಹಾಕ್ಕೊಳ್ಳೋದು ಬೇಡ. ಯಾವ್ದಾದ್ರೂ ಇರ್ಲಿ, ಯೂನಿಕೋಡಲ್ಲೇ ಟೈಪ್ ಮಾಡಿ ದಯವಿಟ್ಟು. ನನ್ನ ಹತ್ರ ಹಳೇ ಆಸ್ಕಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರ್ಸಿರೋ) ನುಡಿ ಫಾಂಟಿನ ಪ್ರಶ್ನೆಪತ್ರಿಕೆ ಒಂದು ಮೂಟೆ ಇದೆ, ಫಾಂಟ್ ಇಲ್ಲದ ಕಡೆ ತೆರೆದ್ರೆ ಕನ್ನಡ ಅನ್ನೋದೇ ಪೌಂಡ್ ಗುರುತು, ಟೋಪಿ ಹಾಕ್ಕೊಂಡಿರೋ ಇಂಗ್ಲಿಷ್ ಅಕ್ಷರ ಎಲ್ಲಾ ಸೇರಿ ಶಾಪ ಹಾಕ್ದಂಗೆ ಕಾಣುತ್ತೆ. ಅದನ್ನ ಪರಿವರ್ತನೆ ಮಾಡಿದ್ಮೇಲೂ ಅರ್ಕಾವತ್ತು, ಒತ್ತುಗಳನ್ನ ಒಂದ್ಸಲ ಕಣ್ಣಲ್ಲಿ ನೋಡ್ಲೇಬೇಕು.

ಹಳಗನ್ನಡ ಪಾಠ ಮಾಡೋರಿಗೆ ಮಾತ್ರ ಒಂದು ಗುಟ್ಟು, ಬೇರೆಯೋರು ಈ ಪ್ಯಾರಾ ಬಿಟ್ಬಿಡಿ. ಱ ಮತ್ತು ೞ ಎಲ್ಲಾ ಕೀಬೋರ್ಡಲ್ಲೂ ಸುಲಭಕ್ಕೆ ಸಿಗಲ್ಲ, ಸುಮಾರು ಜನ ಪೆನ್ನಲ್ಲಿ ಬರೆದು ಅಂಟಿಸ್ತಾರೆ, ನಾನೂ ಮಾಡ್ತಿದ್ದೆ. ಬೇಕಿಲ್ಲ. ವರ್ಡಲ್ಲಿ ಇಂಗ್ಲಿಷಲ್ಲಿ ಸೊನ್ನೆ, ಸಿ, ಬಿ, ಒಂದು ಅಂತ ಹೊಡೆದು ಆಲ್ಟ್ ಜೊತೆ ಎಕ್ಸ್ ಒತ್ತಿ, ಱ ಬರುತ್ತೆ. ಸೊನ್ನೆ, ಸಿ, ಡಿ, ಇ ಹೊಡೆದು ಹಾಗೇ ಮಾಡಿದ್ರೆ ೞ. ಯೂನಿಕೋಡ್ ಪಟ್ಟಿಯಲ್ಲಿ ಈ ೞ ಅಕ್ಷರಕ್ಕೆ "ಫ" ಅಂತ ತಪ್ಪು ಹೆಸ್ರು ಬಿದ್ದಿದೆ, ಒಂದ್ಸಲ ಇಟ್ಟ ಹೆಸ್ರು ಬದಲಾಯ್ಸಲ್ಲ ಅನ್ನೋ ಅವ್ರ ನಿಯಮದಿಂದ ಹಾಗೇ ಉಳ್ಕೊಂಡಿದೆ. ಸಾವಿರ ವರ್ಷದ ಹಿಂದಿನ ಕವಿಗಳು ಕೇಳಿಸ್ಕೊಂಡಿದ್ರೆ ಏನಂತಿದ್ರೋ.

ಇನ್ನು ತಗೋಬೇಕಾ ಬೇಡ್ವಾ ಅನ್ನೋ ಪ್ರಶ್ನೆ. ಪ್ರಶ್ನೆಪತ್ರಿಕೆ, ನೋಟ್ಸ್ ಅಚ್ಚು ಹಾಕ್ಸೋಕೆ ಅಂತ ಮಾತ್ರ ಆದ್ರೆ ಬೇಡ, ಟೇಬಲ್ ಕಲ್ತ್ಕೊಳ್ಳಿ. ಸಹಿ ಹಾಕೋಕೆ ಅಂತ ಆದ್ರೂ ಬೇಡ, ಬಿಳಿ ಹಾಳೆ ಮೇಲೆ ಸಹಿ ಮಾಡಿ ಫೋಟೋ ತೆಗೆದು ಕತ್ತರಿಸಿ ಇನ್ಸರ್ಟ್ ಮಾಡಿದ್ರೆ ಆಯ್ತು. ಕೈಬರಹನ ಟೈಪ್ ಮಾಡ್ಸೋಕೆ ಆದ್ರೆ ನಿಮ್ಮ ಫೋನೇ ಸಾಕು. ಪ್ರೊಜೆಕ್ಟರ್ ಇದೆ, ದಿನಾ ಪಾಠ ಮಾಡ್ತೀರಾ, ಆನ್‌ಲೈನ್ ಕ್ಲಾಸ್ ತಗೋತೀರಾ, ಮಕ್ಕಳ ಫೈಲ್ ತಿದ್ತೀರಾ, ಹಾಗಾದ್ರೆ ಕಣ್ಣು ಮುಚ್ಚಿ ತಗೊಳ್ಳಿ. ಟ್ಯಾಬ್ಲೆಟ್‌ಗೆ ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಳೆದಿದ್ದು ಒತ್ತಕ್ಷರಕ್ಕೆ. ವರ್ಡ್‌ನ ಡ್ರಾ ಟ್ಯಾಬ್‌ಗೆ ಬೋರ್ಡ್ ಅಂತ ನೋಡಿದ್ರೆ ನಾಲ್ಕೂವರೆ, ಕಾಗದ ಅಂತ ನೋಡಿದ್ರೆ ಎರಡು.

ನನ್ನ ಟ್ಯಾಬ್ಲೆಟ್ಟು ಹೋದ ಸೋಮವಾರದಿಂದ ಗಣಿತದ ಮೇಷ್ಟ್ರ ಮೇಜಿನ ಮೇಲಿದೆ, "ಒಂದೇ ಪೀರಿಯಡ್ ಸಾರ್" ಅಂತ ಇಸ್ಕೊಂಡು ಹೋದೋರು ವಾಪಸ್ ಕೊಟ್ಟಿಲ್ಲ. ಆ ಹಿಂದಿನ ಬೆಂಚಿನ ಹುಡುಗ ಈಗ ಕಂಪ್ಯೂಟರ್ ಲ್ಯಾಬಲ್ಲಿ ಟೇಬಲ್ ಪ್ರಸ್ತಾರ ನನಗಿಂತ ಬೇಗ ಮಾಡ್ತಾನೆ, ಕಂದಪದ್ಯ ಕೊಟ್ರೆ 64 ಮಾತ್ರೆನೂ ಎಣಿಸಿ ಬಲಗಡೆ ಒಂದು ಮನೆ ಜಾಸ್ತಿ ಮಾಡಿ ಮೊತ್ತ ಬೇರೆ ಹಾಕಿರ್ತಾನೆ. ಅದು ನನಗೆ ಹೊಳೆದಿರ್ಲಿಲ್ಲ.